ಅಕ್ಕನ ಎರಡು ಬಿಸ್ಕತ್ ಡಬ್ಬಿಗಳು

ನಿಮ್ಮ ಮನೆಯಲ್ಲಿ ಸ್ಟ್ಯಾಂಪ್ ಅಂಟಿಸಿದ ಕವರೇನಾದರೂ ಇದ್ದರೆ ಈಗಲೇ ಬಚ್ಚಿಟ್ಟುಕೊಳ್ಳಿ. ರಾಜಾಜಿನಗರದಿಂದ ನಮ್ಮ ಅಕ್ಕ ಹೊರಟಿದ್ದಾಳೆ! ಎಪ್ಪತ್ತಾರನೇ ವಯಸ್ಸಿಗೆ ಉಳಿದವರಿಗೆ ಮಂಡಿನೋವು ಶುರುವಾದರೆ ಇವಳಿಗೆ ಸ್ಟ್ಯಾಂಪ್ ಸಂಗ್ರಹ ಶುರುವಾಗಿದೆ.

ಈ ಕಾಲದಲ್ಲಿ ಸ್ಟ್ಯಾಂಪ್ ಎಲ್ಲಿಂದ ಬರಬೇಕು ಹೇಳಿ? ಬರುವ ಕವರುಗಳ ಮೇಲೆಲ್ಲ ಬರೀ ಗೆರೆ ಗೆರೆಯ ಚೀಟಿ. ಅಕ್ಕ ಬಿಡುವವಳಲ್ಲ. ನೋಟೀಸಿನ ಕವರಿಗೆ ಮಾತ್ರ ಇನ್ನೂ ಸ್ಟ್ಯಾಂಪ್ ಇರುತ್ತದೆಂದು ಪಕ್ಕದ ರಸ್ತೆಯ ವಕೀಲರ ಆಫೀಸಿನ ಕಸದ ಬುಟ್ಟಿಗೇ ಕೈ ಹಾಕಿದಳು.

"ಸಾರ್, ಈ ವಾರ ಜಗಳ ಯಾವ್ದೂ ಬಂದಿಲ್ವಾ?"

"ಎರಡು ಡೈವೋರ್ಸ್ ಇತ್ತಮ್ಮ. ಒಂದು ರಾಜಿ ಆಗೋಯ್ತು."

"ಅಯ್ಯೋ, ಛೆ!"

ಗಂಡ ಹೆಂಡತಿ ಒಂದಾದದ್ದಕ್ಕೆ ಇಷ್ಟು ಮರುಗಿದ ಹೆಂಗಸನ್ನು ನಾನಂತೂ ಕಂಡಿಲ್ಲ!

ಪೋಸ್ಟಾಫೀಸಿನಲ್ಲಿ ಇನ್ನೊಂದು ಕಥೆ. ಕೌಂಟರಿನವನು ಕೊಟ್ಟ ಸ್ಟ್ಯಾಂಪನ್ನು ಹಿಂದಕ್ಕೆ ತಳ್ಳಿ, "ಈ ಮುಖ ನನ್ನ ಹತ್ರ ಇದೆ ಕಣಪ್ಪ, ಬೇರೆ ಮುಖ ತೋರ್ಸು" ಎಂದಳು. ಹಿಂದೆ ಕ್ಯೂನಲ್ಲಿದ್ದವನೊಬ್ಬ, "ಅಜ್ಜೀ, ಹೆಣ್ಣು ನೋಡೋಕೆ ಬಂದಿದೀರಾ?" ಎಂದ. ಅಕ್ಕ ತಿರುಗಿಯೂ ನೋಡಲಿಲ್ಲ. "ಸುಮ್ನಿರಪ್ಪ, ನಿನ್ನ ಮುಖ ಯಾರೂ ಕೇಳಿಲ್ಲ."

ಮೊದಮೊದಲು ಕವರಿನ ಮೂಲೆಯನ್ನಷ್ಟೇ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸ್ಟ್ಯಾಂಪಿನ ಅಂಚಿನ ಒಂದು ಹಲ್ಲೂ ಮುರಿಯದಂತೆ ಬಿಡಿಸಿ, ಪೇಪರಿನ ಮೇಲೆ ಒಣಗಿಸುತ್ತಿದ್ದಳು. ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಬಂದ ಮೇಲೆ ಕತ್ತರಿ ಕೆಲಸ ನಿಂತಿತು. ಪ್ರತಿ ಶನಿವಾರ ಕವರು ತುಂಬಿದ ಡಬ್ಬಿಯನ್ನು ಇಡಿಯಾಗಿ ಬಕೆಟ್ಟಿಗೆ ಸುರಿಯುವುದೇ!

ಡಬ್ಬಿಗಳು ಎರಡು, ಎರಡೂ ಒಂದೇ ಥರದ ಬಿಸ್ಕತ್ ಡಬ್ಬಿ. ಒಂದರ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ನೆನೆಸೋದು" ಎಂದು ಬರೆದಿದ್ದಳು. ಇನ್ನೊಂದರ ಮೇಲೆ "ಮುಟ್ಟಬಾರದು". ಅದರಲ್ಲಿದ್ದದ್ದು ತೀರಿಹೋದ ಭಾವ, ಮದುವೆಯಾದ ಹೊಸದರಲ್ಲಿ ರಾಯಚೂರಿಗೆ ವರ್ಗವಾಗಿದ್ದಾಗ ಅಕ್ಕನಿಗೆ ಬರೆದ ಹನ್ನೊಂದು ಕಾಗದ. ಊರಿನ ಸ್ಟ್ಯಾಂಪನ್ನೆಲ್ಲ ಕಿತ್ತವಳು ಆ ಹನ್ನೊಂದಕ್ಕೆ ಮಾತ್ರ ಕೈ ಹಚ್ಚಿರಲಿಲ್ಲ.

ಇನ್ನು ನನ್ನ ವಿಷಯ. ಮದುವೆ ಛತ್ರದ ಬಾಗಿಲಲ್ಲಿ ಇನ್ನೂರು ಜನರ ಎಡಗಾಲಿನ ಚಪ್ಪಲಿಯನ್ನಷ್ಟೇ ಮಾಯ ಮಾಡಿದ ಮಹಾನುಭಾವ ನಾನು! ಬಸವೇಶ್ವರನಗರದಿಂದ ದಿನವೂ ಅಕ್ಕನ ಮನೆಗೆ ಹೋಗುವವನು, ಅವತ್ತು ಅವಳು ಪೂಜೆಗೆ ಕೂತಿದ್ದಾಗ ಎರಡೂ ಮುಚ್ಚಳ ಅದಲುಬದಲು ಮಾಡಿದೆ. ಭಾವನ ಡಬ್ಬಿ ತೆಗೆದು, ಒಳಗೆ ವಕೀಲರ ನೋಟೀಸು ಕಂಡು ಬೆಚ್ಚಿಬೀಳಲಿ ಎಂದಷ್ಟೇ ನನ್ನ ಲೆಕ್ಕ. ನಗುತ್ತಾ ಕಾಫಿಗೆಂದು ಮೂಲೆಯ ದರ್ಶಿನಿಗೆ ಹೋದೆ.

ಎರಡನೇ ಗುಟುಕಿಗೆ ಎದುರಿನ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಅವತ್ತು ಶನಿವಾರ!

ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಲೋಟ ಅಲ್ಲೇ ಬಿಟ್ಟು ಓಡಿದೆ. ಎಪ್ಪತ್ತು ದಾಟಿದವನು ಓಡುವುದೆಂದರೆ ಏನು ಗೊತ್ತೇ? ಕೈಗಳು ಓಡುತ್ತವೆ, ಕಾಲು ಅಲ್ಲೇ ಇರುತ್ತದೆ! ರಸ್ತೆ ದಾಟಲು ಹೋದರೆ ಒಂದರ ಹಿಂದೊಂದು ಬಸ್ಸು. "ಏನ್ ತಾತ, ಮನೇಲಿ ಹೇಳ್ಬಿಟ್ ಬಂದಿದೀಯಾ?" ಎಂದು ಆಟೋದವನು ಬೈದ. ಬೇರೆ ದಿನವಾಗಿದ್ದರೆ ಅವನನ್ನು ಬಿಡುತ್ತಿದ್ದೆನೇ?

ಬಾಗಿಲು ತೆರೆದೇ ಇತ್ತು. ಬಚ್ಚಲಿನಲ್ಲಿ ನಲ್ಲಿಯ ಸದ್ದು ನಿಂತಿತ್ತು. ಬಕೆಟ್ಟಿನ ನೀರು ನೀಲಿಯಾಗಿತ್ತು.

"ಯಾಕೋ ಹಿಂಗೆ ಏದುಸಿರು ಬಿಡ್ತಿದೀಯಾ?"

"ಏನಿಲ್ಲಕ್ಕ. ನೀನು ಹೋಗಿ ಕೂತ್ಕೊ, ಇವತ್ತು ನಾನೇ ಒಣಗಿಸ್ತೀನಿ."

ಬಾಗಿಲು ಹಾಕಿಕೊಂಡು ಒಂದೊಂದೇ ಹಾಳೆ ಎತ್ತಿದೆ. ಭಾವನ ಇಂಕ್ ಪೆನ್ನಿನ ಅಕ್ಷರಗಳೆಲ್ಲ ಕರಗಿ ನನ್ನ ಬೆರಳಿಗೆ ಅಂಟಿದವು. ಎಂಟು ಕಾಗದದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ, ಮಿಕ್ಕ ಮೂರರಲ್ಲಿ ಅಲ್ಲೊಂದು ಇಲ್ಲೊಂದು ಪದ. ಎಷ್ಟೋ ಜನರನ್ನು ಬೇಸ್ತು ಬೀಳಿಸಿದ ಈ ತಲೆಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಬಾಗಿಲು ತಳ್ಳಿ ಅಕ್ಕ ಒಳಗೆ ಬಂದಳು. ನನ್ನ ಕೈಯಿಂದ ಒಂದು ಹಾಳೆ ತೆಗೆದುಕೊಂಡಳು. ಬೆರಳಿನಿಂದ ಮಡಿಕೆಯ ಗುರುತು ಸವರಿದಳು. ಕಪ್ಪು ಕನ್ನಡಕದ ಹಿಂದಿನ ಕಣ್ಣು ನನಗೆ ಕಾಣಿಸಲಿಲ್ಲ. ಆಮೇಲೆ ಓದತೊಡಗಿದಳು.

"ಇಲ್ಲಿ ಬಿಸಿಲು ಜಾಸ್ತಿ. ನೀನು ಕಳಿಸಿದ ಚಟ್ನಿಪುಡಿ ಮುಗೀತು, ಡಬ್ಬಿ ಮಾತ್ರ ವಾಪಸ್ ಕಳಿಸಲ್ಲ, ವಾಸನೆ ಇದೆ..."

ತಡವರಿಸಲಿಲ್ಲ, ಒಂದು ಕಡೆಯೂ ನಿಲ್ಲಿಸಲಿಲ್ಲ. ಅವಳ ಕೈಯಲ್ಲಿದ್ದ ಹಾಳೆ ಪೂರಾ ಖಾಲಿ.

"ಅಕ್ಕಾ..."

"ಮುಚ್ಚಳ ನೀನೇ ತಾನೆ ಬದಲಾಯಿಸಿದ್ದು? ಅಳ್ಬೇಡ, ಪೆನ್ ತಗೊಂಡ್ಬಾ. ಬಾಲ್ ಪೆನ್ ತಗೊ. ನಾನು ಹೇಳ್ತೀನಿ, ಬರ್ಕೊ."

ಅವತ್ತು ಸಂಜೆಯವರೆಗೆ ಬರೆದೆ. ಕೊನೆಯ ಕಾಗದದ ಕೊನೆಯ ಸಾಲಿಗೆ ಬಂದಾಗ ಅಕ್ಕ ಖಾಲಿ ಹಾಳೆಯನ್ನು ಮೆಲ್ಲಗೆ ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು: "ನಿನ್ನ ತಮ್ಮ ತರ್ಲೆ, ಆದ್ರೆ ಕೆಟ್ಟವನಲ್ಲ. ಅವನನ್ನ ಬೈಬೇಡ."

ಭಾವ ನಿಜಕ್ಕೂ ಹಾಗೆ ಬರೆದಿದ್ದರೋ, ಅಕ್ಕನೇ ಸೇರಿಸಿದಳೋ! ತೆಗೆದು ನೋಡೋಣವೆಂದರೆ ಸಾಕ್ಷಿಯನ್ನು ನಾನೇ ನೀರುಪಾಲು ಮಾಡಿದ್ದೇನೆ. ಅವಳು ಹೇಳಿದಂತೆಯೇ, ಒಂದಕ್ಷರ ಬಿಡದೆ ಬರೆದುಕೊಂಡೆ.