ಇಸ್ತ್ರಿ ಮಾಡಿದ ಕರ್ನಾಟಕ

ಮಧುಸೂದನನ ಹತ್ತಿರ ನಾಲ್ಕು ಜನರೆದುರು ಹಾಕಿಕೊಂಡು ಹೋಗುವಂಥ ಶರ್ಟು ಇದ್ದದ್ದು ಒಂದೇ. ಅದು ಸುಕ್ಕಾಗಿತ್ತು. ಅವತ್ತಿನ ಅನರ್ಥಕ್ಕೆಲ್ಲ ಅದೇ ಮೂಲ.

"ಸ್ಪರ್ಧೆಯ ಜಡ್ಜ್ ಮುಂದೆ ಹೀಗೆ ಮುದುರಿಕೊಂಡು ಹೋಗ್ಬೇಡಿ, ಇಸ್ತ್ರಿಗೆ ಕೊಟ್ಬಿಡಿ" ಎಂದು ಹೇಳಿ ಹೆಂಡತಿ ಸುಪ್ರಜಾ ಕೆಲಸಕ್ಕೆ ಹೊರಟುಹೋದಳು. ಮಧುಸೂದನ ಶರ್ಟನ್ನು ಬಟ್ಟೆ ಚೀಲಕ್ಕೆ ತುರುಕಿದ. ಮಧ್ಯಾಹ್ನ ಒಯ್ಯಬೇಕಾಗಿದ್ದ ಹಾಳೆಗಳನ್ನು ಎಲ್ಲಿ ಮರೆತೇನೋ ಎಂದು ಅವನ್ನೂ ಅದೇ ಚೀಲದಲ್ಲಿಟ್ಟು, ಬಾಗಿಲ ಪಕ್ಕ ಒರಗಿಸಿ, ಸ್ನಾನಕ್ಕೆ ಹೋದ.

ಅವು ಅಂತಿಂಥ ಹಾಳೆಗಳಲ್ಲ. ಮಧುಸೂದನ ಚಾಮರಾಜಪೇಟೆಯ ಒಂದು ಅಂಧ ಮಕ್ಕಳ ಶಾಲೆಯಲ್ಲಿ ಸಮಾಜ ಪಾಠದ ಮೇಷ್ಟ್ರು. ಅವನ ಶಾಲೆಗೆ ಬ್ರೈಲ್ ಪುಸ್ತಕಗಳು ಬರುವುದು ಮದುವೆ ಮುಗಿದ ಮೇಲೆ ಬರುವ ವಾಲಗದವರ ಹಾಗೆ, ಅರ್ಧ ವರ್ಷದ ಪರೀಕ್ಷೆ ಕಳೆದ ಮೇಲೆ. ಅಲ್ಲಿಯವರೆಗೆ ಮೇಷ್ಟ್ರೇ ದಪ್ಪ ಹಾಳೆಗೆ ಕಡ್ಡಿಯಿಂದ ಒಂದೊಂದೇ ಚುಕ್ಕೆ ಚುಚ್ಚಿ ಪಾಠ ಬರೆಯಬೇಕು. ಚುಚ್ಚಿ ಚುಚ್ಚಿ ಅವನ ಮಣಿಕಟ್ಟು ಊದಿಕೊಂಡಿತ್ತು. "ನಮ್ಮ ಬುಕ್ ಯಾವಾಗ ಸಾರ್?" ಎಂದು ಕೇಳುತ್ತಿದ್ದ ಹತ್ತನೇ ಕ್ಲಾಸಿನ ಮಕ್ಕಳು ಈಚೆಗೆ ಕೇಳುವುದನ್ನೇ ಬಿಟ್ಟಿದ್ದರು. ಅದು ಅವನಿಗೆ ಮಣಿಕಟ್ಟಿಗಿಂತ ಹೆಚ್ಚು ನೋಯುತ್ತಿತ್ತು.

ಅಂಥ ಹೊತ್ತಿನಲ್ಲಿ ಬಸವನಗುಡಿಯ ಒಂದು ಟ್ರಸ್ಟಿನವರು, ಅಂಧ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರಲ್ಲಿ ಒಬ್ಬರನ್ನು ಆರಿಸಿ ತರಬೇತಿಗೆ ಕಳಿಸುತ್ತೇವೆ, ಅವರ ಶಾಲೆಗೆ ಒಂದು ಬ್ರೈಲ್ ಪ್ರಿಂಟರ್ ಕೊಡುತ್ತೇವೆ ಎಂದು ಸಾರಿದ್ದರು. ಸ್ವಂತ ಕೈಯಿಂದ ಮಾಡಿದ ಒಂದು ಪಾಠೋಪಕರಣ ತಂದು ತೋರಿಸಬೇಕು, ಅಷ್ಟೇ. ಮಧುಸೂದನ ತಿಂಗಳುಗಟ್ಟಲೆ ಕೂತು ಚುಕ್ಕೆಗಳಲ್ಲೇ ಕರ್ನಾಟಕದ ಭೂಪಟ ಎಬ್ಬಿಸಿದ್ದ. ಘಟ್ಟ ಬೇರೆ ಹಾಳೆ, ನದಿ ಬೇರೆ ಹಾಳೆ, ಜಿಲ್ಲೆ ಬೇರೆ ಹಾಳೆ.

ಇತ್ತ ಅವನು ತಲೆಯ ಮೇಲೆ ಮೊದಲ ಚೊಂಬು ನೀರು ಸುರಿದುಕೊಳ್ಳುವ ಹೊತ್ತಿಗೆ, ಅತ್ತ ಕೆಳಗಿನ ಮನೆಯ ಅಕ್ಕಯಮ್ಮ ಮೆಟ್ಟಿಲು ಹತ್ತಿ ಬಂದರು. ಮನೆಯ ಓನರು. ಮದ್ದೂರು ಕಡೆಯ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದ ಹೆಂಗಸು. ದಿನಕ್ಕೆ ಒಬ್ಬರಿಗಾದರೂ ಉಪಕಾರ ಮಾಡದಿದ್ದರೆ ಅವರಿಗೆ ತಿಂದ ಮುದ್ದೆ ಅರಗುತ್ತಿರಲಿಲ್ಲ. ಬಾಗಿಲಲ್ಲಿ ಚೀಲ ಕಂಡಿತು, ಒಳಗೆ ಸುಕ್ಕಾದ ಶರ್ಟು ಕಂಡಿತು. ಎತ್ತಿಕೊಂಡು ಹೋಗಿ ಮೂಲೆಯ ಹೊಂಗೆಮರದಡಿ ಗಾಡಿ ಇಟ್ಟುಕೊಂಡಿದ್ದ ಇಸ್ತ್ರಿ ಮರಿಯಣ್ಣನ ಕೈಗೆ ಕೊಟ್ಟರು.

ಮಧುಸೂದನ ಸ್ನಾನ ಮುಗಿಸಿ ಟವೆಲ್ಲಿನಲ್ಲೇ ಮನೆಯೆಲ್ಲ ಚೀಲ ಹುಡುಕಾಡುತ್ತಿದ್ದಾಗ ಮರಿಯಣ್ಣ ತಾನೇ ಅದನ್ನು ಹಿಡಿದು ಮನೆಗೆ ಬಂದ. ಮುಖದಲ್ಲಿ ಧನ್ಯತೆ.

"ಸಾರ್, ಶರ್ಟು ಸರಿ ಬಿಡಿ. ಆದ್ರೆ ನಿಮ್ ಪೇಪರ್ರೆಲ್ಲಾ ಗುಳ್ಳೆ ಎದ್ಬಿಟ್ಟಿತ್ತು. ಎಲ್ಲೋ ತೇವ ತಗುಲಿರ್ಬೇಕು. ಒಂದೊಂದ್ಕೂ ನೀರು ಚಿಮುಕಿಸಿ ಎರಡೂ ಕಡೆ ಒತ್ತಿದೀನಿ. ಈಗ ನೋಡಿ, ಕನ್ನಡಿ! ಇದಕ್ಕೆ ದುಡ್ಡು ಬೇಡ."

ಮಧುಸೂದನ ಹಾಳೆಯ ಮೇಲೆ ಕೈಯಾಡಿಸಿದ. ಇನ್ನೂ ಬೆಚ್ಚಗಿತ್ತು. ಪಶ್ಚಿಮ ಘಟ್ಟ ನೆಲಸಮವಾಗಿತ್ತು. ಕಾವೇರಿ, ತುಂಗಭದ್ರೆ ಎರಡೂ ಬತ್ತಿಹೋಗಿದ್ದವು. ಟವೆಲ್ಲಿನಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಬಯ್ಯೋಣವೆಂದರೆ, ಪುಕ್ಕಟೆ ಉಪಕಾರ ಮಾಡಿದವನನ್ನು ಏನೆಂದು ಬಯ್ಯುವುದು?

"ಮರಿಯಣ್ಣ, ಆ ಗುಳ್ಳೆ ಎಬ್ಬಿಸಿದ್ದು ನಾನೇ ಕಣಯ್ಯಾ. ನಮ್ ಮಕ್ಕಳು ಅದನ್ನ ಬೆರಳಲ್ಲಿ ಓದ್ತಾರೆ."

ಮರಿಯಣ್ಣನ ಮುಖ ಸಪ್ಪಗಾಯಿತು. ಸ್ವಲ್ಪ ಯೋಚಿಸಿ ಕೇಳಿದ. "ಮಗುಚಿ ಹಾಕಿ ಇನ್ನೊಂದ್ಸಲ ಒತ್ತಿದ್ರೆ ವಾಪಸ್ ಏಳಲ್ವಾ ಸಾರ್?"

ಅಷ್ಟರಲ್ಲಿ ಅಕ್ಕಯಮ್ಮ ಬಂದರು. ಸುದ್ದಿಯ ವಾಸನೆ ಹಿಡಿದು ಎದುರು ಮನೆಯ ರಾಮಸ್ವಾಮಿಗಳೂ ಬಂದರು. ಸರ್ವೆ ಇಲಾಖೆಯಿಂದ ರಿಟೈರಾದ ಅವರಿಗೆ ಅಳೆಯಲು ಭೂಮಿ ಸಿಗದೆ ವರ್ಷಗಳಾಗಿದ್ದವು.

"ಅಯ್ಯೋ, ನನ್ ಕೈ ಸೇದ್ಹೋಗ! ಮೇಷ್ಟ್ರ ಅನ್ನಕ್ಕೆ ಕಲ್ಲು ಹಾಕ್ಬುಟ್ನಲ್ಲಪ್ಪಾ!" ಎಂದು ಅಕ್ಕಯಮ್ಮ ಹಣೆ ಚಚ್ಚಿಕೊಂಡರು.

"ಅತ್ತು ಕರೆದು ಪ್ರಯೋಜನ ಇಲ್ಲಮ್ಮ" ಎಂದರು ರಾಮಸ್ವಾಮಿ. "ಮುಟ್ಟಿದ್ರೆ ಗೊತ್ತಾಗ್ಬೇಕು ತಾನೆ? ಕಾಳು ಅಂಟಿಸೋಣ. ಗಡಿ ವಿಚಾರ ನನಗೆ ಬಿಡಿ."

ಬೇರೆ ದಾರಿ ಇರಲಿಲ್ಲ. ಅಕ್ಕಯಮ್ಮನ ಮನೆಯ ಹಳೇ ಸೀರೆ ಡಬ್ಬದ ರಟ್ಟಿನ ಮುಚ್ಚಳ ಬಂತು, ಅಂಟು ಬಂತು, ಡಬ್ಬಿ ಡಬ್ಬಿ ಕಾಳು ಬಂತು. ರಾಮಸ್ವಾಮಿಗಳು ಗಡಿ ಎಳೆದರು. ಘಟ್ಟಕ್ಕೆ ಕಡಲೆಕಾಳು ಕೂತಿತು. ಬಯಲುಸೀಮೆಗೆ ರಾಗಿ ಚೆಲ್ಲಿದ್ದಾಯಿತು. ಹೂ ಕಟ್ಟುವ ಬಾಳೆನಾರು ಕಾವೇರಿಯಾಗಿ ಹರಿಯಿತು. ಸಮುದ್ರಕ್ಕೆ ನುಣುಪಾದ ರವಿಕೆ ಕಣ. ಮರಿಯಣ್ಣ ತನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ, ಯಾರೋ ಎಷ್ಟೋ ಕಾಲದಿಂದ ಒಯ್ಯದೆ ಬಿಟ್ಟಿದ್ದ ಕೋಟಿನ ಗುಂಡಿ ಕಿತ್ತು ತಂದು ಬೆಂಗಳೂರಿನ ಜಾಗದಲ್ಲಿ ಒತ್ತಿದ.

"ಸಮುದ್ರ ಕೆಂಪಗಿದೆಯಲ್ರೀ! ನೀಲಿ ಬಟ್ಟೆ ತನ್ನಿ" ಎಂದರು ರಾಮಸ್ವಾಮಿ.

"ಸಾರ್, ಮುಟ್ಟಿದ್ರೆ ನೀಲಿ ಗೊತ್ತಾಗಲ್ಲ" ಎಂದ ಮಧುಸೂದನ.

"ಅವರಿಗೆ ಗೊತ್ತಾಗ್ದಿದ್ರೆ ನಮಗೆ ಆತ್ಮಸಾಕ್ಷಿ ಅನ್ನೋದು ಬೇಡ್ವೇನ್ರೀ?"

ಈ ಜಗಳ ಬಗೆಹರಿಯುವಷ್ಟರಲ್ಲಿ ಅಕ್ಕಯಮ್ಮ ಇನ್ನೊಂದು ಕಡೆ ಕೆಲಸ ಸಾಗಿಸಿದ್ದರು. "ನಮ್ ಮಂಡ್ಯ ಇಷ್ಟೇ ಇಷ್ಟಾ? ಯಾರು ಹೇಳಿದ್ದು?" ಎಂದುಕೊಂಡು ಅವರೆಕಾಳು ಅಂಟಿಸುತ್ತಾ ಅಂಟಿಸುತ್ತಾ ಹಾಸನ ಪಟ್ಟಣದ ಬಾಗಿಲಿಗೆ ಬಂದುಬಿಟ್ಟಿದ್ದರು. ಕೀಳಲು ಹೋದರೆ ಕೈ ಮೇಲೆ ಏಟು ಬೀಳುವಂತಿತ್ತು. ಮಂಡ್ಯ ಹಾಗೇ ಉಳಿಯಿತು.

ಅಂಟು ಒಣಗಲಿಲ್ಲ. ಹೊತ್ತು ಮೀರುತ್ತಿತ್ತು. ಮರಿಯಣ್ಣ ರಟ್ಟನ್ನು ಕೆಂಡದ ಇಸ್ತ್ರಿಪೆಟ್ಟಿಗೆಯ ಮೇಲೆ ಹಿಡಿದು ಒಣಗಿಸಿದ. ಕಡಲೆ ಹುರಿದ ಘಮ ಬೀದಿ ತುಂಬಾ ಹರಡಿತು. ಆ ಘಮವೇ ಮುಂದೆ ಮುಳುವಾಯಿತು.

ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಧುಸೂದನ ಆಟೋ ಹತ್ತಿದ. ಪಕ್ಕದಲ್ಲಿ ರಾಮಸ್ವಾಮಿ, ಗಡಿ ಕಾಯಲು. ರಸ್ತೆಯ ಮೊದಲ ಹಂಪ್‌ಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿಯಿತು. ಎರಡನೆಯದಕ್ಕೆ ಶಿರಾಡಿ ರಸ್ತೆ ಬಂದ್. ಗಾಂಧಿ ಬಜಾರಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಸೊಪ್ಪಿನ ಗಾಡಿಯ ಬಳಿಯಿದ್ದ ಹಸುವೊಂದು ಘಮಕ್ಕೆ ಮೂಗರಳಿಸಿ ಬಂದು, ಆಟೋದೊಳಕ್ಕೆ ತಲೆ ತೂರಿಸಿ, ನಾಲಿಗೆ ಚಾಚಿತು.

"ಬೀದರ್ ಹೋಯ್ತು!" ರಾಮಸ್ವಾಮಿ ಚೀರಿದರು. "ಎಳ್ಕೊಳ್ರೀ, ಕಲಬುರಗಿ ಉಳಿಸ್ಕೊಳ್ಳಿ!"

ಕಲಬುರಗಿ ಉಳಿಯಿತು, ಆದರೆ ಸ್ವಲ್ಪ ಒದ್ದೆಯಾಯಿತು.

ಟ್ರಸ್ಟಿನ ಸಭಾಂಗಣದಲ್ಲಿ ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳು ಅಂದವಾದ ಉಪಕರಣಗಳನ್ನು ಜೋಡಿಸಿಕೊಂಡು ಕೂತಿದ್ದರು. ಮಧುಸೂದನನ ಪಕ್ಕದ ಮೇಜಿನವರು ಮಲ್ಲೇಶ್ವರಂ ಕಡೆಯ ಒಂದು ಶಾಲೆಯ ಮನೋಹರ್. ಮೊದಲು ಡ್ರಾಯಿಂಗ್ ಮೇಷ್ಟ್ರು, ಅಂಧ ಮಕ್ಕಳ ಶಾಲೆಗೆ ಹೊಸದಾಗಿ ಬಂದವರು. ಅವರ ಭೂಪಟ ಲ್ಯಾಮಿನೇಟ್ ಆಗಿ ಫಳಫಳ ಹೊಳೆಯುತ್ತಿತ್ತು. ಮಧುಸೂದನ ತನ್ನ ರಟ್ಟಿನ ಮೇಲೆ ಕರ್ಚೀಫು ಹೊದಿಸಿದ.

ಆರಿಸುವವರು ಶರಣ್ಯ ಮೇಡಂ. ಹುಟ್ಟಿನಿಂದ ಕಣ್ಣಿಲ್ಲದವರು, ವರ್ಷಾನುಗಟ್ಟಲೆ ಪಾಠ ಹೇಳಿದವರು. ಮನೋಹರರ ಮೇಜಿನ ಮುಂದೆ ನಿಂತು ಅವರು ಭೂಪಟದ ಮೇಲೆ ನಿಧಾನವಾಗಿ ಕೈಯಾಡಿಸಿದರು.

"ನುಣ್ಣಗೆ ಚೆನ್ನಾಗಿದೆ. ಊಟದ ಮೇಜಿಗೆ ಹಾಸೋದಾ?"

"ಕರ್ನಾಟಕ ಮೇಡಂ! ಒಂದೊಂದು ಜಿಲ್ಲೆಗೆ ಒಂದೊಂದು ಕಲರ್ ಹಾಕಿದೀನಿ" ಎಂದರು ಮನೋಹರ್ ಹೆಮ್ಮೆಯಿಂದ.

ಶರಣ್ಯ ಮುಂದಿನ ಮೇಜಿಗೆ ಬಂದರು. ಮಧುಸೂದನ ಕರ್ಚೀಫು ತೆಗೆದ. ಅವರ ಬೆರಳು ಕರಾವಳಿ ಹಿಡಿದು ಹೊರಟಿತು, ಘಟ್ಟ ಹತ್ತಿತು, ಬಾಳೆನಾರಿನ ಗುಂಟ ಕೊಡಗಿನಿಂದ ಇಳಿಯಿತು. ಮುಖದ ಮೇಲೆ ನಗು ಮೂಡಿತು.

"ಇದು ಬೆಂಗಳೂರಾ? ಗುಂಡಿ! ಇದ್ಯಾವುದು, ಇಷ್ಟು ದೊಡ್ಡ ಜಿಲ್ಲೆ?"

"ಮಂಡ್ಯ ಮೇಡಂ. ನಮ್ ಓನರಮ್ಮನ ಊರು."

"ಮತ್ತೆ ಬೀದರ್ ಎಲ್ಲಿ?"

"ಹಸು ತಿಂತು ಮೇಡಂ."

ಶರಣ್ಯ ಬಿದ್ದು ಬಿದ್ದು ನಕ್ಕರು. ಮಧುಸೂದನ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ರಾಮಸ್ವಾಮಿ ಎದ್ದು ನಿಂತು, ಚಪ್ಪಾಳೆ ತಮಗೂ ಸೇರಿದ್ದೆಂಬಂತೆ ಕೈ ಮುಗಿದರು. ಪ್ರಿಂಟರ್ ಶಾಲೆಯೊಳಗೆ ಬಂದಂತೆ, ಅದರ ಸದ್ದಿಗೆ ಮಕ್ಕಳು ಓಡಿ ಬಂದಂತೆ ಮಧುಸೂದನನ ಕಣ್ಣಿಗೆ ಕಟ್ಟಿತು.

ಶರಣ್ಯ ಮೈಕ್ ಹಿಡಿದರು. "ಇವತ್ತು ಎಲ್ಲಕ್ಕಿಂತ ಒಳ್ಳೆಯ ಉಪಕರಣ ಮಧುಸೂದನ್ ಸಾರ್ ಅವರದ್ದು. ಎರಡು ಮಾತಿಲ್ಲ. ಮಾಡಿದ್ದೆಲ್ಲ ಇಸ್ತ್ರಿಗೆ ಹೋದ ಮೇಲೂ ಅಡುಗೆಮನೆ ಡಬ್ಬಿಯಿಂದ ಒಂದು ರಾಜ್ಯ ಕಟ್ಟಿದ್ರು. ಇಂಥವರಿಗೆ ತರಬೇತಿ ಕೊಡೋಕೆ ನಾವ್ಯಾರು? ಮೆಷೀನ್ ಇದ್ರೂ ಇಲ್ದಿದ್ರೂ ಇವರ ಪಾಠ ನಿಲ್ಲಲ್ಲ. ಆದ್ರಿಂದ ತರಬೇತಿ, ಪ್ರಿಂಟರ್ ಎರಡನ್ನೂ ಮನೋಹರ್ ಸಾರ್‌ಗೆ ಕೊಡ್ತಿದೀವಿ."

ಚಪ್ಪಾಳೆಗೆ ಎತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ಮಧುಸೂದನ ತಡೆಯಲಾರದೆ ಎದ್ದ.

"ಮೇಡಂ, ನಮ್ ಮಕ್ಕಳಿಗೂ..."

"ನಿಮ್ ಮಕ್ಕಳಿಗೆ ನೀವಿದೀರಿ ಸಾರ್" ಎಂದರು ಶರಣ್ಯ, ಮೆತ್ತಗೆ. "ಅವರ ಮಕ್ಕಳಿಗೆ ಯಾರಿದಾರೆ? ನುಣ್ಣನೆ ಪ್ಲಾಸ್ಟಿಕ್ ಸವರಿಕೊಂಡು ಕೂತಿರೋ ಆ ಮಕ್ಕಳನ್ನ ನೆನೆಸ್ಕೊಳ್ಳಿ."

ಮಧುಸೂದನ ನೆನೆಸಿಕೊಂಡ. ಕೂತುಬಿಟ್ಟ. ಅವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಕೈಗೊಂದು ತೆಂಗಿನಕಾಯಿ ಕೊಟ್ಟರು.

ಹೊರಗೆ ಬಂದಾಗ ಮನೋಹರ್ ಓಡಿ ಬಂದು ಎರಡೂ ಕೈ ಹಿಡಿದುಕೊಂಡರು. "ಸಾರ್, ನೀವು ಕೈಬಿಡ್ಬಾರ್ದು. ನಮ್ಮಲ್ಲಿ ಬ್ರೈಲ್ ಗೊತ್ತಿರೋರು ಯಾರೂ ಇಲ್ಲ. ಪ್ರಿಂಟ್ ಆಗಿದ್ದು ಸರಿ ಇದೆಯಾ ಅಂತ ಭಾನುವಾರ ಬಂದು ನೋಡಿಕೊಡಿ. ಆ ಮಕ್ಕಳಿಗೋಸ್ಕರ."

ಆ ಮಕ್ಕಳ ಹೆಸರು ಹೇಳಿದ ಮೇಲೆ ಮಧುಸೂದನ ಇಲ್ಲವೆನ್ನುವ ಜಾತಿಯವನಲ್ಲ. "ಬರ್ತೀನಿ ಸಾರ್" ಎಂದ. ಆಮೇಲೆ ಸಂಕೋಚದಿಂದ ಸೇರಿಸಿದ. "ಬಂದಾಗ ಹಾಗೇ ನಮ್ ಹತ್ತನೇ ಕ್ಲಾಸಿನ ನಾಲ್ಕು ಪಾಠ ಅದೇ ಮೆಷೀನಲ್ಲಿ ಹಾಕ್ಕೋಬಹುದಾ?"

"ಛೆ, ಎಂಥ ಮಾತು ಸಾರ್! ನಿಮಗಿಲ್ಲ ಅಂತೀನಾ?" ಎಂದು ಮನೋಹರ್ ಅವನ ಭುಜ ತಟ್ಟಿದರು. "ಆದ್ರೆ ಟ್ರಸ್ಟಿನವರು ಈಗ ತಾನೆ ಸೈನ್ ಹಾಕಿಸ್ಕೊಂಡ್ರು. ಬೇರೆ ಸ್ಕೂಲಿನದ್ದು ಒಂದು ಚುಕ್ಕೆ ಕೂಡ ಹಾಕೋ ಹಾಗಿಲ್ವಂತೆ. ನೀವು ಮನೇಲೇ ಕೈಯಲ್ಲಿ ಚುಚ್ಕೊಂಡು ಬನ್ನಿ, ನಿಮ್ಮದನ್ನ ನೋಡ್ಕೊಂಡು ನಮ್ ಮಕ್ಕಳಿಗೆ ನಾವು ಪ್ರಿಂಟ್ ಹಾಕ್ಕೋತೀವಿ!"