ಕಾಕಾ ಉಪ್ಪು ಬಿಟ್ಟಿದ್ದು

ನಮ್ಮ ಕಾಕಾನಷ್ಟು ಶಾಸ್ತ್ರ ಓದಿ, ನಮ್ಮ ಕಾಕಾನಷ್ಟೇ ಅಡ್ಡ ಬುದ್ಧಿ ಓಡಿಸಿದವರು ಇಡೀ ಸಂಪಗಾಂವದಲ್ಲಿ ಇನ್ನೊಬ್ಬರಿರಲಿಲ್ಲ! ಮನೆಯಲ್ಲಿ ನಿತ್ಯ ಹೋಮ. ಯಾರಾದರೂ ಬೀಡಿ ಹೊತ್ತಿಸಿದರೆ ಅಗ್ನಿಗೆ ಎಂಜಲಾಯಿತೆಂದು ಇವರು ಬೆಂಕಿಗಾಗಿ ಮರುಗುತ್ತಿದ್ದರು.

ಇಂಥವರಿಗೆ ತಲೆನೋವು ಶುರುವಾಯಿತು. ಬೈಲಹೊಂಗಲದ ದವಾಖಾನೆಗೆ ಚಕ್ಕಡಿಯಲ್ಲಿ ನಾನೇ ಕರೆದುಕೊಂಡು ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಊದಿ, ರಕ್ತದ ಒತ್ತಡ ಏರಿದೆ ಎಂದರು. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆಯೋ ನೋಡಬೇಕು, ನಾಳೆ ಮೂತ್ರ ತನ್ನಿ, ಕಾಸಿ ನೋಡುತ್ತೇನೆ ಎಂದರು.

ಕಾಸುವುದೇ? ಅಗ್ನಿಯ ಮೇಲೆ? ದಾರಿಯುದ್ದಕ್ಕೂ ಕಾಕಾ ಚಡಪಡಿಸಿದರು. ಊರು ಬರುವಷ್ಟರಲ್ಲಿ ಉಪಾಯ ಹೊಳೆದಿತ್ತು. ಹೆಂಡತಿ ಅರ್ಧಾಂಗಿಯಲ್ಲವೇ? ಅವಳಿಗೆ ಜನಿವಾರವಿಲ್ಲ, ಹೋಮವಿಲ್ಲ, ದೋಷ ತಟ್ಟುವುದೆಲ್ಲಿಂದ? ಮರುದಿನ ಕಾಕುವಿನ ಮೂತ್ರವನ್ನೇ ಸೀಸೆಯಲ್ಲಿ ತಂದು, ತಮ್ಮದೆಂದು ಕೊಟ್ಟರು. ನನಗೂ ಹೇಳಲಿಲ್ಲ.

ಡಾಕ್ಟರು ಕಾಸಿದರು. ಒಡೆದ ಹಾಲಿನ ಹಾಗೆ ಬೆಳ್ಳಗೆ ಗರಣೆ ಕಟ್ಟಿತು. ರಕ್ತದಲ್ಲಿರಬೇಕಾದ ಸತ್ವ ಸೋರುತ್ತಿದೆ. ಒತ್ತಡದಿಂದ ಮೂತ್ರಪಿಂಡ ಕೆಡುತ್ತದೆ, ಅದು ಕೆಟ್ಟಷ್ಟೂ ಒತ್ತಡ ಏರುತ್ತದೆ, ಇವತ್ತಿನಿಂದ ಉಪ್ಪು ಬಿಡಿ ಎಂದರು. ಕಾಕಾನ ಮುಖ ಬಿಳಿಚಿತು. ಚಕ್ಕಡಿಯಲ್ಲಿ ನಿಜ ಬಾಯಿ ಬಿಟ್ಟರು. ಕಾಕುವಿಗೆ ಹೇಳೋಣ ಎಂದೆ.

"ಹೇಳಿದ್ರ ಹೆದರಿ ಹಾಸಿಗಿ ಹಿಡೀತಾಳ. ಸೀಸಾ ದಾರಿಯೊಳಗ ಒಡೀತು ಅಂತೇನಿ. ಉಪ್ಪು ನಾ ಬಿಡ್ತೇನಿ. ನಾ ಉಂಡೆದ್ದ ಎಲಿ ಮ್ಯಾಲ ಉಣ್ಣಾಕಿ ಅಕಿ, ಅಕಿನೂ ಬಿಟ್ಟಂಗಾತು."

ಏನು ತಲೆ! ನಾನೂ ಸುಮ್ಮನಾದೆ. ನಾಲ್ಕಕ್ಷರ ಕಲಿತ ನನಗೇನು ಧಾಡಿಯಾಗಿತ್ತು?

ಎರಡು ವರ್ಷ ಕಾಕಾ ಉಪ್ಪು ಮುಟ್ಟಲಿಲ್ಲ. ಕರೆದವರ ಮನೆಯ ಸಾರಿಗೆ ನಾಲಿಗೆ ತಾಗಿಸಿ ಎದ್ದು ಬಂದರು. ಕಡೆಗೆ ಜನ ಕರೆಯುವುದನ್ನೇ ಬಿಟ್ಟರು. ಇತ್ತ ಕಾಕುವಿನ ಮುಖ ಬೆಳಗಾದರೆ ಬಾತಿರುತ್ತಿತ್ತು. ವಯಸ್ಸಾಯಿತೆಂದು ಅವಳು ನಗುತ್ತಿದ್ದಳು. ಡಾಕ್ಟರಿಗೆ ತೋರಿಸೋಣವೆಂದು ನಾನಂದರೆ, ಪರಗಂಡಸು ತೋಳು ಮುಟ್ಟುವುದೇ ಎಂದು ಕಾಕಾನ ತಕರಾರು.

ಉಂಡ ಕೂಡಲೇ ಪಡಸಾಲೆಯಲ್ಲಿ ಮಲಗುವುದು ಅವರ ಪದ್ಧತಿ. ಒಂದು ಮಧ್ಯಾಹ್ನ ನಾನು ಬಂದಿದ್ದರಿಂದ ಅಡಿಕೆ ಹುಡುಕುತ್ತ ಅಡಿಗೆಮನೆಗೆ ಹೋದರು. ಹಿಂದೆಯೇ ನಾನು. ಕಾಕು ಅವರ ಎಲೆಯ ಮುಂದೆ ಕುಳಿತು, ಸಪ್ಪನೆ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅರ್ಧ ಖಾಲಿಯಾದ ಭರಣಿ. ಉಪ್ಪು ಬಿಡಬೇಕಾದದ್ದು ತಾನೆಂದು ಅವಳಿಗೇನು ಗೊತ್ತು?

ಕಾಕಾ ಅಲ್ಲಿಯೇ ಕುಳಿತು ಎಲ್ಲ ಹೇಳಿದರು. ಅವಳು ಭರಣಿಯ ಬಾಯಿ ಮುಚ್ಚಿ ದೂರ ಸರಿಸಿದಳು.

"ನನ್ನ ಸಲುವಾಗಿ ಎರಡು ವರ್ಷ ಸಪ್ಪನ ಉಂಡ್ರಿ. ನನಗೊಂದು ಮಾತು ಹೇಳಲಿಕ್ಕೆ ಆಗಲಿಲ್ಲೇನ್ರಿ?"

ಆಮೇಲೆ ಡಾಕ್ಟರೂ ಬಂದರು, ಪಟ್ಟಿಯನ್ನೂ ಕಟ್ಟಿದರು. ಕಾಕು ಆ ಮಳೆಗಾಲ ದಾಟಲಿಲ್ಲ. ಆ ಪಾಪದಲ್ಲಿ ನನ್ನ ಪಾಲೂ ಇದೆ. ಕಾಕಾನನ್ನು ಬೈಯಲು ಇವತ್ತಿಗೂ ಬಾಯಿ ಬರುವುದಿಲ್ಲ.

ಆದರೆ ಆ ಮಧ್ಯಾಹ್ನ ಕಾಕಾ ಆ ಎಂಜಲೆಲೆ ತೆಗೆದು, ಹೊಸ ಎಲೆ ಹಾಕಿ, ತಾವೇ ಸಪ್ಪನೆ ಅನ್ನ ಬಡಿಸಿ, ಅವಳು ಉಂಡು ಮುಗಿಸುವವರೆಗೂ ಎದುರಿಗೆ ಕುಳಿತರು. ಮದುವೆಯಾದ ಮೂವತ್ತು ವರ್ಷಕ್ಕೆ, ಹೆಂಡತಿ ಉಣ್ಣುವುದನ್ನು ಅವರು ಮೊದಲ ಸಲ ನೋಡಿದರು.