ಕ್ಯಾಮೆರಾದ ಮುಂದೆ ಏನೂ ತುಟ್ಟಿಯಲ್ಲ

ದೇಶದ ಆರ್ಥಿಕ ಪರಿಸ್ಥಿತಿ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಪೇಪರ್ ನೋಡುವುದಿಲ್ಲ, ನಮ್ಮವ್ವ ಮಾಡಿದ ಚಹಾವನ್ನು ಒಂದು ಗುಟುಕು ಕುಡಿದು ನೋಡುತ್ತೇನೆ. ಪತ್ರಿಕೋದ್ಯಮ ಓದುವ ಹುಡುಗಿ ಆಡಬಾರದ ಮಾತಿದು, ಗೊತ್ತು. ಪೇಪರ್ ಓದದೆ ತರಗತಿಯೊಳಗೆ ಕಾಲಿಡಬೇಡಿ ಎಂದು ನಮ್ಮ ಸರ್ ದಿನಾ ಹೇಳುತ್ತಾರೆ, ನಾನು ಓದುತ್ತೇನೆ ಕೂಡ. ಆದರೆ ವಾಣಿಜ್ಯ ಪುಟದಲ್ಲಿ ಏರಿಕೆ, ಇಳಿಕೆ, ಚೇತರಿಕೆ, ಕುಸಿತ ಎಲ್ಲವೂ ಒಂದೇ ದಿನ ಆಗಿರುತ್ತವೆ. ಓದಿ ಮುಗಿಸುವ ಹೊತ್ತಿಗೆ ನಾನು ಬಡವಳಾದೆನೋ ಶ್ರೀಮಂತಳಾದೆನೋ ತಿಳಿಯುವುದಿಲ್ಲ. ಅವ್ವನ ಚಹಾದಲ್ಲಿ ಆ ಗೊಂದಲವಿಲ್ಲ. ಎಣ್ಣೆಯ ರೇಟು ಏರಿತೆಂದರೆ ಚಹಾದಲ್ಲಿ ಸಕ್ಕರೆ ಇಳಿಯುತ್ತದೆ. ಎಣ್ಣೆಗೂ ಚಹಾಕ್ಕೂ ಏನು ಸಂಬಂಧ ಎನ್ನುತ್ತೀರಾ? ಒಗ್ಗರಣೆಗೆ ಎಣ್ಣೆ ಕಡಿಮೆ ಮಾಡಿದರೆ ಅಪ್ಪ ತಾಟಿನ ಮುಂದೆ ಮುಖ ಸಿಂಡರಿಸುತ್ತಾನೆ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದರೆ "ಆರೋಗ್ಯಕ್ಕ ಚಲೋ" ಎಂದು ಎಲ್ಲರ ಬಾಯಿ ಮುಚ್ಚಿಸಬಹುದು. ಡೀಸೆಲ್ ಏರಿದರೆ ಹಾಲೂ ತೆಳ್ಳಗಾಗುತ್ತದೆ. ಆದರೆ ಹೊರಗಿನವರು ಯಾರಾದರೂ ಬಂದರೋ, ದೇಶ ಯಾವ ಸ್ಥಿತಿಯಲ್ಲಾದರೂ ಇರಲಿ, ಅವರಿಗೆ ಕೆನೆ ಕಟ್ಟುವಂಥ ಹಾಲು, ನಾಲಿಗೆಗೆ ಅಂಟುವಷ್ಟು ಸಕ್ಕರೆ. ಅದಕ್ಕೆ ನಮ್ಮ ಮನೆಯಲ್ಲಿ ಬೀಗರ ಚಹಾ ಎಂದು ಹೆಸರು. ಸಣ್ಣವರಿದ್ದಾಗ ನಾನು ಮತ್ತು ಅಣ್ಣ, ಯಾರಾದರೂ ಬರಲಿ ಎಂದು ಕಟ್ಟೆಯ ಮೇಲೆ ಕೂತು ದಾರಿ ಕಾಯುತ್ತಿದ್ದೆವು. ಬಂದವರ ಮೇಲಿನ ಪ್ರೀತಿಯಿಂದಲ್ಲ, ಪಾತ್ರೆಯಲ್ಲಿ ಉಳಿಯುವ ಚಹಾದ ಆಸೆಯಿಂದ.

ನಾನು ಶಿಗ್ಗಾಂವಿಯಿಂದ ಹಾವೇರಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ಪದವಿಯ ಕೊನೆಯ ವರ್ಷ. ಈ ಸಲ ಸರ್ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಿಮ್ಮ ಊರಿನ ಒಂದು ಸಮಸ್ಯೆಯ ಮೇಲೆ ಮೊಬೈಲಿನಲ್ಲಿ ಸಣ್ಣ ವಿಡಿಯೊ ವರದಿ ಮಾಡಿ, ಎಲ್ಲಕ್ಕಿಂತ ಚೆನ್ನಾಗಿ ಮಾಡಿದವರನ್ನು ರಜೆಯಲ್ಲಿ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ತರಬೇತಿಗೆ ಕಳಿಸುತ್ತೇನೆ ಎಂದರು. "ಅಂಕಿ-ಸಂಖ್ಯೆ ತಂದು ಸುರೀಬ್ಯಾಡ್ರಿ. ಒಬ್ಬ ಮನುಷ್ಯಾ ಕ್ಯಾಮೆರಾ ನೋಡಿ ಒಂದ ಖರೆ ಮಾತ ಹೇಳಿದ್ರ ಸಾಕು ನನಗ" ಎಂದೂ ಹೇಳಿದರು. ನನಗೆ ಆ ಹುಬ್ಬಳ್ಳಿ ಬೇಕಾಗಿತ್ತು. ಬಹಳ ಬೇಕಾಗಿತ್ತು. ನಮಗಿಂತ ಮೊದಲು ಇದನ್ನೇ ಓದಿದವರಲ್ಲಿ ಒಬ್ಬ ಮದುವೆಯ ಫೋಟೊ ತೆಗೆಯುತ್ತಾನೆ, ಇನ್ನೊಬ್ಬಳು ಫ್ಯಾನ್ಸಿ ಸ್ಟೋರಿನಲ್ಲಿ ಬಳೆ ತೋರಿಸುತ್ತಾಳೆ. ಒಂದು ಪತ್ರಿಕೆಯ ಒಳಗೆ ಒಮ್ಮೆ ಕಾಲಿಟ್ಟರೆ ಹೇಗೋ ಅಲ್ಲೇ ಅಂಟಿಕೊಂಡುಬಿಡಬಹುದು ಎಂಬುದು ನನ್ನ ಲೆಕ್ಕಾಚಾರ.

ವಿಷಯ: ಬೆಲೆ ಏರಿಕೆ. ಖರೆ ಮಾತಿಗಾಗಿ ಊರು ಸುತ್ತುವ ಅಗತ್ಯವೇ ಇರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಬೆಳಗಿನಿಂದ ಅದರದೇ ನೇರ ಪ್ರಸಾರ. ಅವತ್ತೇ ಅವ್ವ ಸಂತೆಯಿಂದ ಬಂದು ಚೀಲ ಎಸೆದು, "ಬೆಳ್ಳುಳ್ಳಿ ಮಾರೋ ಮುದುಕಿ ನನ್ನ ನೋಡಿ ಬುಟ್ಟಿ ಮುಚ್ಚಿಕೊಂಡ್ಳ ನೋಡು! ಬರೇ ರೇಟ ಕೇಳಿ ಹೋಗಾಕಿ ಅಂತ ಗುರ್ತ ಹಿಡದಾಳ" ಎಂದಳು. ನಾನು ಕುಣಿದಾಡುವುದೊಂದು ಬಾಕಿ. "ಯವ್ವಾ, ಇದನ್ನ ಇನ್ನೊಮ್ಮೆ ಹೇಳ ಬೇ, ವಿಡಿಯೊ ಮಾಡ್ತೇನಿ" ಎಂದೆ. ಅವ್ವ "ತಡಿ" ಎಂದು ಒಳಗೆ ಹೋದಳು. ಹೊರಗೆ ಬಂದಾಗ ಮೈಮೇಲೆ ಮದುವೆ-ಮುಂಜಿಗೆ ಉಡುವ ಇಳಕಲ್ಲ ಸೀರೆ, ಹಣೆಗೆ ಹೊಸ ಕುಂಕುಮ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೊಬೈಲನ್ನು ದಿಟ್ಟಿಸಿ, ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದ ಕನ್ನಡದಲ್ಲಿ ಹೇಳಿದಳು: "ಎಲ್ಲಾ ಸಾಮಾನುಗಳೂ ಸರಿಯಾದ ಬೆಲೆಯಲ್ಲಿ ಸಿಗುತ್ತಾ ಇವೆ. ನಮಗೆ ಯಾವುದೇ ರೀತಿಯ ತೊಂದರೆ ಇರುವುದಿಲ್ಲ."

"ಯವ್ವಾ, ಬೆಳ್ಳುಳ್ಳಿ ಮುದುಕೀದು ಹೇಳ ಬೇ!"

ಅವ್ವ ಕೈಯಿಂದ ಮೊಬೈಲಿನ ಕಣ್ಣು ಮುಚ್ಚಿದಳು. "ಬುದ್ಧಿ ಐತೇನ ನಿನಗ? ಅಬಲೂರಿನವ್ರು ನಿಮ್ಮಣ್ಣನ ವಿಚಾರ ಮಾಡಾಕತ್ತಾರ. ಇದನ್ನ ನೋಡಿದ್ರ, ಬೆಳ್ಳುಳ್ಳಿ ತರಾಕಾಗದ ಮನಿಗೆ ನಮ್ಮ ಹುಡುಗೀನ ಯಾಕ ಕೊಡೂಣು ಅನ್ನಂಗಿಲ್ಲೇನು?"

ಇಲ್ಲಿ ಒಂದು ಮಾತು ಹೇಳಬೇಕು. ಕನ್ಯೆ ನೋಡಲು ಹೋಗಿ ಚುರುಮುರಿ ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಗತ್ತಿನಿಂದ ಎದ್ದು ಬರುವ ಕಾಲ ಗಂಡಿನ ಕಡೆಯವರಿಗೆ ಮುಗಿದಿದೆ. ಈಗ ಕೊಡುವವರೇ ಕೇಳುತ್ತಾರೆ, ನೋಡುತ್ತಾರೆ, ವಾರಗಟ್ಟಲೆ ವಿಚಾರ ಮಾಡುತ್ತಾರೆ. ನಮ್ಮಣ್ಣ ಅಪ್ಪನ ಜೊತೆ ನಮ್ಮದೇ ಟೆಂಪೊದಲ್ಲಿ ಗೋವಿನಜೋಳದ ಚೀಲ ಹೇರುತ್ತಾನೆ. ಚಟವಿಲ್ಲ, ಸಿಟ್ಟಿಲ್ಲ, ಮಾತೂ ಇಲ್ಲ. ಅವನಿಗೆ ಕನ್ಯೆ ಹುಡುಕಿ ಹುಡುಕಿ ಅಪ್ಪ ಸೋತು ಹೋಗಿದ್ದಾಗ ಹಿರೇಕೆರೂರಿನ ಕಡೆಯ ಈ ಅಬಲೂರಿನ ಮಾತು ಬಂದಿತ್ತು. ಹಾಗಾಗಿ ಅಪ್ಪನೂ ಕೈಕೊಟ್ಟ. ಪೆಟ್ರೋಲ್ ಬಂಕಿನ ಬೋರ್ಡು ಕಂಡರೆ ಬೈಗುಳ ಶುರು ಮಾಡುವ ಮನುಷ್ಯ, ಕ್ಯಾಮೆರಾದ ಮುಂದೆ ಕೆಮ್ಮಿ, ಟೋಪಿ ಸರಿಮಾಡಿಕೊಂಡು, "ಗಾಡಿ ಚಲೋ ಓಡ್ತೈತ್ರಿ" ಎಂದಷ್ಟೇ ಹೇಳಿದ. ಹೆತ್ತ ಮಗಳಿಗೆ "ರಿ" ಹಚ್ಚಿ ಮಾತಾಡಿದ್ದು ಅದೇ ಮೊದಲು.

ಸರಿ, ನಮ್ಮ ಮನೆ ಬಿಡೋಣ ಎಂದು ಸವಣೂರಿಗೆ ಹೋದೆ. ಅಲ್ಲಿ ನನ್ನ ಗೆಳತಿ ರುಕ್ಸಾನಾ ಇದ್ದಾಳೆ, ನನ್ನ ತರಗತಿಯವಳೇ. ಅವಳ ಮಾಮು ವೀಳ್ಯದೆಲೆ ವ್ಯಾಪಾರಿ. ನಾವು ಹೋಗಿ ಕೂತ ಕೂಡಲೇ, "ಮೊದ್ಲ ಮಂದಿ ಕಟ್ಟಗಟ್ಲೆ ಎಲಿ ಒಯ್ತಿದ್ರವಾ. ಈಗ ಒಂದ ಎಲಿ ಹರದು ಗಂಡ-ಹೆಂಡ್ತಿ ಹಂಚ್ಕೊಂಡು ಮೆಲ್ತಾರ" ಎಂದರು. ಮೊಬೈಲ್ ಎತ್ತಿದ್ದೇ ತಡ, ಗಡ್ಡ ನೀವಿಕೊಂಡು, "ದೇವರ ದಯಾ, ದಂಧೆ ಜೋರ್ ಐತಿ" ಎಂದುಬಿಟ್ಟರು. ರುಕ್ಸಾನಾ ನನ್ನ ಕಿವಿಯಲ್ಲಿ, "ಮಾಮುನ ಮಗಳ ನಿಕಾಹ್ ಮಾತ ನಡದೈತಲೇ" ಎಂದು ಪಿಸುಗುಟ್ಟಿದಳು. ಪ್ರಯಾಣದಲ್ಲಿರುವವರಿಗಾದರೂ ಈ ಹಂಗಿರುವುದಿಲ್ಲ ಎಂದು ಯಲವಿಗಿ ಸ್ಟೇಷನ್ನಿಗೂ ಹೋದೆವು. ಎರಡು ಗುಟುಕಿಗೆ ಮುಗಿದ ಚಹಾದ ಕಪ್ಪನ್ನು ಬೆಳಕಿಗೆ ಹಿಡಿದು ಬೈಯುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಮೊಬೈಲ್ ನೋಡಿ ಕಪ್ಪನ್ನು ಹಿಂದೆ ಮರೆಮಾಡಿ, "ಬ್ಯಾಡವಾ, ಆ ಡಬ್ಬಿಯೊಳಗ ನಮ್ಮ ಬೀಗರ ಕುಂತಾರ" ಎಂದರು. ಈ ದೇಶದ ಅರ್ಥವ್ಯವಸ್ಥೆಯನ್ನು ಯಾರು ಯಾರೋ ಹಿಡಿದು ನಿಲ್ಲಿಸಿದ್ದಾರೆ ಎಂದು ಟಿವಿಯಲ್ಲಿ ಜಗಳವಾಡುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ಅದನ್ನು ಹಿಡಿದು ನಿಲ್ಲಿಸಿದವರು ಬೀಗರೇ. ಇದರಲ್ಲಿ ನನಗೆ ಅನುಮಾನವಿಲ್ಲ.

ಇದ್ದದ್ದನ್ನೇ ಜೋಡಿಸಿ ಒಪ್ಪಿಸಿದೆ. ಸರ್ ಕಡೆತನಕ ನೋಡಿ ಕನ್ನಡಕ ತೆಗೆದರು. "ಇಷ್ಟ ಸುಖದ ಊರು ನಾ ನೋಡಿಲ್ಲವಾ. ನಾನೂ ಶಿಗ್ಗಾಂವಿಗೇ ಮನಿ ಮಾಡ್ಲೇನು?" ಎಂದು ಕೇಳಿ, ಮತ್ತೊಂದು ವಾರ ಕೊಟ್ಟರು. ತರಗತಿ ನಕ್ಕಿತು. ನಾನೂ ನಕ್ಕೆ, ಒಳಗೆ ಮಾತ್ರ ಅಳು ಬರುತ್ತಿತ್ತು. ಆದರೆ ವಿಡಿಯೊ ಸುಮ್ಮನಿರಲಿಲ್ಲ. ತರಗತಿಯ ವಾಟ್ಸಾಪ್ ಗುಂಪಿನಿಂದ ಹಿರೇಕೆರೂರಿನ ಹುಡುಗಿಯೊಬ್ಬಳ ಮೊಬೈಲಿಗೆ, ಅಲ್ಲಿಂದ ಅವಳ ದೊಡ್ಡಮ್ಮನಿಗೆ, ಅಲ್ಲಿಂದ ಅಬಲೂರಿಗೆ ಹೋಯಿತು. ಎರಡೇ ದಿನಕ್ಕೆ ಹುಡುಗಿಯ ತಾಯಿಯ ಫೋನು: "ನಿಮ್ಮ ವಿಡಿಯೊ ನೋಡಿದ್ವಿರಿ. ಎಷ್ಟ ಸಮಾಧಾನದವ್ರದೀರಿ ನೀವು! ಮನಿ ನೋಡಾಕ ಬರ್ತೇವ್ರಿ." ವರದಿಯಾಗಿ ಸೋತದ್ದು ಜಾಹೀರಾತಾಗಿ ಗೆದ್ದಿತ್ತು. ಅವ್ವ ನನ್ನ ಬೆನ್ನು ತಟ್ಟಿ, "ನಿನ್ನ ಓದು ಈಗ ಒಂದೀಟು ಉಪಯೋಗಕ್ಕ ಬಂತು" ಎಂದಳು.

ಬಂದರು. ಬೀಗರ ಚಹಾ ಆಯಿತು. ಗಂಡಸರು ಪಡಸಾಲೆಯಲ್ಲಿ ಟಿವಿ ಹಚ್ಚಿಕೊಂಡು ದೇಶದ ಅಭಿವೃದ್ಧಿಯಲ್ಲಿ ಮುಳುಗಿದರು. ಹುಡುಗಿಯ ತಾಯಿ ಮಾತ್ರ ಮೆಲ್ಲಗೆ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಎಣ್ಣೆಯ ಡಬ್ಬಿ ನೋಡಿದರು, ಅವ್ವನ ಮುಖ ನೋಡಿದರು. "ಅಕ್ಕಾರ, ನಿಮ್ಮ ಮುಂದ ಮುಚ್ಚಿಡೂದೇನು? ನಮ್ಮ ಮನ್ಯಾಗ ಹಪ್ಪಳ ಕರಿಯೂದು ಬಿಟ್ಟೇವ್ರಿ. ಕೆಂಡದ ಮ್ಯಾಲ ಸುಡತೇನಿ. ಹುಡುಗರಿಗೆ ಇದು ಹೊಸಾ ರುಚಿ ಅಂತ ಹೇಳೇನಿ" ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಾ ಚಾದಾಗ ಸಕ್ರಿ ಕಮ್ಮಿ ಮಾಡೇನ್ರಿ. ಆರೋಗ್ಯಕ್ಕ ಚಲೋ ಅಂತ ಹೇಳೇನಿ!" ಆಮೇಲೆ ಮಾತಿನಲ್ಲಿ ಬೆಳ್ಳುಳ್ಳಿ ಮುದುಕಿ ಬಂದಳು, ಅಬಲೂರಿನ ಕಾಯಿಪಲ್ಲೆಯವನು ಬಂದ, ಡೀಸೆಲ್ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ, ಕೈಯಲ್ಲಿ ಮೊಬೈಲು. ಸರ್ ಕೇಳಿದ ಖರೆ ಮಾತು ಒಂದಲ್ಲ, ಬುಟ್ಟಿಗಟ್ಟಲೆ ಸುರಿಯುತ್ತಿತ್ತು. ಹೆಬ್ಬೆರಳು ಒತ್ತಿದರೆ ಹುಬ್ಬಳ್ಳಿ. ಆದರೆ ಅವ್ವ ಹಾಗೆ ನಕ್ಕದ್ದನ್ನು ಎಷ್ಟೋ ದಿನದಿಂದ ನಾನು ನೋಡಿರಲಿಲ್ಲ. ಆ ನಗುವಿಗೆ ಕ್ಯಾಮೆರಾ ತೋರಿಸಿದರೆ ಅದು ಎದ್ದು ಹೋಗಿ ಇಳಕಲ್ಲ ಸೀರೆ ಉಟ್ಟು ಬರುತ್ತಿತ್ತು. ನನ್ನ ಮೇಲೇ ನನಗೆ ಸಿಟ್ಟು ಬಂತು, ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಯ ಮೇಲಿಟ್ಟು ಖಾಲಿ ಕಪ್ಪು ತೊಳೆಯಲು ಕೂತೆ. ಅಣ್ಣನ ಮದುವೆಯ ಮಾತು ಅವತ್ತೇ ಗಟ್ಟಿಯಾಯಿತು.

ಆ ವಾರ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ರುಕ್ಸಾನಾ ನನ್ನನ್ನು ಹಿಡಿದಳು. ಅವಳ ವರದಿ, ಪತ್ರಿಕೋದ್ಯಮ ಓದಿದವರಿಗೆ ಕೆಲಸ ಸಿಗುತ್ತದೆಯೇ ಎಂಬುದರ ಮೇಲೆ. "ನೀನರ ಖರೆ ಹೇಳಲೇ" ಎಂದಳು. ಅವಳು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ, ಬಸ್ಸು ತಡವಾದ ದಿನವೆಲ್ಲ ನಾವು ಅತ್ತುಕೊಳ್ಳುವುದು ಅದೊಂದನ್ನೇ. ಅವಳು ಮೊಬೈಲ್ ಎತ್ತಿದಳು. ಅಬಲೂರು ನೆನಪಾಯಿತು. ಓದಿಸಿದ ಅಪ್ಪ-ಅವ್ವನೂ ನೆನಪಾದರು. ನನ್ನ ಕೈ ತಾನೇ ಹೋಗಿ ದುಪಟ್ಟಾ ಸರಿಮಾಡಿತು. ಆಮೇಲೆ ನನ್ನ ಬಾಯಿಂದ ಹೊರಟದ್ದು ಇದು: "ಮಾಧ್ಯಮ ಕ್ಷೇತ್ರದಲ್ಲಿ ವಿಪುಲ ಅವಕಾಶಗಳಿವೆ. ನಮಗೆ ಯಾವುದೇ ರೀತಿಯ ತೊಂದರೆ ಇರುವುದಿಲ್ಲ." ರುಕ್ಸಾನಾ ಮೊಬೈಲ್ ಇಳಿಸಿದಳು. "ಥೇಟ್ ನಿಮ್ಮವ್ವ" ಎಂದಳು.

ಸರ್ ಕೊಟ್ಟ ವಾರ ಹಾಗೇ ಮುಗಿಯಿತು. ಹುಬ್ಬಳ್ಳಿಗೆ ಹೋದವನು ಹಾನಗಲ್ಲಿನ ಒಬ್ಬ ಹುಡುಗ. ಮಾವಿನ ತೋಪಿನಲ್ಲಿ ಮಂಗಗಳ ಕಾಟ, ಅವನ ವಿಷಯ. ಮಂಗಗಳು ಕ್ಯಾಮೆರಾದ ಮುಂದೆಯೂ ಹೇಗಿದ್ದವೋ ಹಾಗೇ ಇದ್ದವು, ಹಲ್ಲು ಕಿರಿದವು, ಕಾಯಿ ಕಿತ್ತು ಕಚ್ಚಿ ಬಿಸಾಡಿದವು. ಅವಕ್ಕೆ ಬೀಗರ ಹೆದರಿಕೆಯಿಲ್ಲ.

ರುಕ್ಸಾನಾಳ ವಿಡಿಯೊ ಕೂಡ ಸುತ್ತಿ ಸುತ್ತಿ ನಮ್ಮ ಮನೆಗೆ ಬಂತು. ನಾನು ಸಂಜೆ ಕಾಲೇಜಿನಿಂದ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಅಣ್ಣನ ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದಳು. ಮುಗಿದ ಮೇಲೆ ಮತ್ತೊಮ್ಮೆ ಹಚ್ಚಿ ನೋಡಿದಳು. "ನೀ ಹೇಳಿದ್ದು ಖರೇನ?" ಎಂದು ಕೇಳಿದಳು.

"ಖರೆ ಬೇ. ಏನೂ ತ್ರಾಸಿಲ್ಲ" ಎಂದೆ.

ಅವ್ವ ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಚಹಾ ತಂದು ನನ್ನ ಕೈಗೆ ಕೊಟ್ಟಳು. ಒಂದು ಗುಟುಕು ಕುಡಿದೆ. ಮೇಲೆ ಕೆನೆ ಕಟ್ಟಿತ್ತು, ಸಕ್ಕರೆ ನಾಲಿಗೆಗೆ ಅಂಟುತ್ತಿತ್ತು. ಎಣ್ಣೆಯ ರೇಟೇನೂ ಇಳಿದಿರಲಿಲ್ಲ.